ಹತ್ತು ಪ್ರಶ್ನೆಗಳಿಗೆ ಸಿಗುವಂಥದ್ದಲ್ಲ ದೇಹಪ್ರಕೃತಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊರಿಯಾದ ಪಾರಂಪರಿಕ ವೈದ್ಯಪದ್ಧತಿಯ ನಾಲ್ಕು ದೇಹಪ್ರಕೃತಿಗಳ ಕುರಿತು ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ಅದನ್ನು ವಾತ, ಪಿತ್ತ, ಕಫಗಳ ಕೊರಿಯನ್ ರೂಪವೆಂದು ಕರೆದಿರುವುದು ಸರಿಯಲ್ಲ. ಹತ್ತು ಪ್ರಶ್ನೆಗಳಿಗೆ ಗುರುತು ಹಾಕಿ ಪ್ರಕೃತಿಯನ್ನು ಕಂಡುಕೊಳ್ಳಿ ಎಂದು ಓದುಗರಿಗೆ ಹೇಳಿರುವುದಂತೂ ಅಪಾಯಕ್ಕೆ ದಾರಿ.

ಕೊರಿಯಾದ ಹಾಮ್‌ಹುಂಗ್ ಊರಿನ ವೈದ್ಯ ಲೀ ಜೆ-ಮಾ 1894ರಲ್ಲಿ ಬರೆದ, ಅವರು ತೀರಿಕೊಂಡ ಮರುವರ್ಷ ಅಂದರೆ 1901ರಲ್ಲಿ ಶಿಷ್ಯರು ಅಚ್ಚು ಹಾಕಿಸಿದ ‘ದೊಂಗ್‌ಯಿ ಸುಸೆ ಬೊವೊನ್’ ಸಾಸಾಂಗ್ ಎಂಬ ಈ ಪದ್ಧತಿಯ ಮೂಲಗ್ರಂಥ. ಅದು ಹೇಳುವ ನಾಲ್ಕು ಪ್ರಕೃತಿಗಳಲ್ಲಿ ತೇಯಾಂಗ್‌ನವರಿಗೆ ಶ್ವಾಸಕೋಶ ಪ್ರಬಲ, ಯಕೃತ್ತು ದುರ್ಬಲ. ತೇಉಮ್‌ನವರಿಗೆ ಇದರ ತಿರುವುಮುರುವು. ಸೊಯಾಂಗ್‌ನವರಿಗೆ ಗುಲ್ಮ ಪ್ರಬಲ, ಮೂತ್ರಪಿಂಡ ದುರ್ಬಲ. ಸೊಉಮ್‌ನವರಿಗೆ ಮತ್ತೆ ಅದರ ವಿರುದ್ಧ. ಆಯುರ್ವೇದವು ಎರಡು ದೋಷಗಳು ಬೆರೆತ ಪ್ರಕೃತಿಯನ್ನೂ ಒಪ್ಪುತ್ತದೆ. ಲೀ ಅವರ ಪ್ರಕಾರ ಮನುಷ್ಯ ಹುಟ್ಟಿನಿಂದ ಸಾಯುವವರೆಗೆ ಈ ನಾಲ್ಕರಲ್ಲಿ ಒಂದಕ್ಕೇ ಸೇರಿದವನು.

ಈ ಪದ್ಧತಿಯ ಜೀವಾಳವಿರುವುದು ದಿನನಿತ್ಯದ ದೇಹಧರ್ಮದ ವಿಚಾರಣೆಯಲ್ಲಿ, ಲೇಖನ ಕೈಬಿಟ್ಟಿದ್ದೂ ಅದನ್ನೇ. ತೇಉಮ್‌ನವರಿಗೆ ಸರಾಗವಾಗಿ ಬೆವರುವುದು ಆರೋಗ್ಯದ ಲಕ್ಷಣ. ಅದೇ ಬೆವರು ಸೊಉಮ್‌ನವರಲ್ಲಿ ವಿಪರೀತವಾದರೆ ವೈದ್ಯರು ಗಾಬರಿಪಡುತ್ತಾರೆ. ಆದ್ದರಿಂದ ಬೆವರು ಬರುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು, ಬೆವರಿದ ಮೇಲೆ ಮೈ ಹಗುರಾಗುತ್ತದೆಯೋ ಕೈಕಾಲು ಸೋತು ಬರುತ್ತದೆಯೋ ಎಂದೂ ಕೇಳಬೇಕು. ಸೊಉಮ್‌ನವರು ಚೆನ್ನಾಗಿದ್ದಾರೆ ಎನ್ನಲು ಉಂಡದ್ದು ಅರಗಬೇಕು, ಸೊಯಾಂಗ್‌ನವರಿಗೆ ಮಲವಿಸರ್ಜನೆ ಸಲೀಸಾಗಬೇಕು, ತೇಯಾಂಗ್‌ನವರಿಗೆ ಮೂತ್ರ ಧಾರಾಳವಾಗಿ ಹೋಗಬೇಕು. ಮಲ ಕಟ್ಟಿದ ಸೊಯಾಂಗ್ ರೋಗಿಯ ಎದೆ ಬೆಂಕಿಯಂತೆ ಉರಿಯುತ್ತದೆ, ಭೇದಿ ನಿಲ್ಲದ ಸೊಉಮ್ ರೋಗಿಯ ಕಿಬ್ಬೊಟ್ಟೆ ಮಂಜುಗಡ್ಡೆಯಂತೆ ತಣ್ಣಗಾಗುತ್ತದೆ ಎಂದು ಲೀ ಬರೆದಿದ್ದಾರೆ.

ಹತ್ತು ಸಾವಿರ ಜನರ ಊರಿನಲ್ಲಿ ತೇಯಾಂಗ್‌ನವರು ಮೂರು ನಾಲ್ಕರಿಂದ ಹತ್ತು ಚಿಲ್ಲರೆ ಮಂದಿ ಸಿಕ್ಕಾರು ಎಂಬುದು ಲೀ ಅವರದೇ ಅಂದಾಜು. ಲೇಖನದ ಹತ್ತು ಪ್ರಶ್ನೆಗಳ ಪ್ರಕಾರ ನಮ್ಮ ಮನೆಯೊಂದರಲ್ಲೇ ಇಬ್ಬರಿದ್ದಾರೆ! ಕೊರಿಯಾದಲ್ಲಿಯೂ ಒಬ್ಬನೇ ರೋಗಿಯ ಪ್ರಕೃತಿಯ ಬಗ್ಗೆ ಇಬ್ಬರು ವೈದ್ಯರು ಒಮ್ಮತಕ್ಕೆ ಬಾರದಿರುವುದುಂಟು. ಅಲ್ಲಿನ ಸಂಶೋಧಕರು ಮುಖ, ದನಿ, ಮೈಕಟ್ಟುಗಳ ಅಳತೆಯನ್ನು ಪ್ರಶ್ನಾವಳಿಯೊಂದಿಗೆ ಸೇರಿಸಿ ವಿಂಗಡಿಸುವ ಸಾಧನಗಳನ್ನು ರೂಪಿಸಿರುವುದು ಈ ತೊಡಕಿನಿಂದಾಗಿಯೇ. ಈ ವಿಂಗಡಣೆಯನ್ನು ಆಧುನಿಕ ವೈದ್ಯಶಾಸ್ತ್ರ ರೋಗನಿರ್ಣಯವೆಂದು ಒಪ್ಪಿಲ್ಲ ಎಂಬ ಒಂದು ಸಾಲಾದರೂ ಲೇಖನದಲ್ಲಿ ಇರಬೇಕಿತ್ತು.

ಜಿನ್ಸೆಂಗ್ ಬೇರು ಎಲ್ಲರಿಗೂ ಶಕ್ತಿವರ್ಧಕ ಎಂಬ ಲೇಖನದ ಮಾತನ್ನು ಮಾತ್ರ ಹಾಗೆಯೇ ಬಿಡಲಾಗದು. ಸಾಸಾಂಗ್ ಪದ್ಧತಿಯೇ ಅದನ್ನು ಮುಖ್ಯವಾಗಿ ಸೊಉಮ್‌ನವರ ಮದ್ದೆಂದು ಎಣಿಸುತ್ತದೆ, ಮೈಯಲ್ಲಿ ಉಷ್ಣ ಹೆಚ್ಚಿರುವ ಸೊಯಾಂಗ್‌ನವರಿಗೆ ಬೇಡವೆನ್ನುತ್ತದೆ. ಪ್ರಕೃತಿಯ ಮಾತು ಹಾಗಿರಲಿ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರಲ್ಲಿ ಜಿನ್ಸೆಂಗ್ ಆ ಔಷಧದ ಪರಿಣಾಮವನ್ನು ತಗ್ಗಿಸಬಹುದು. ಮಧುಮೇಹದ ಔಷಧಿಯೊಂದಿಗೆ ಸೇರಿದರೆ ಸಕ್ಕರೆಯ ಪ್ರಮಾಣ ಬೇಕಾದದ್ದಕ್ಕಿಂತ ಕೆಳಗಿಳಿಯಬಹುದು. ಅದರ ಕ್ಯಾಪ್ಸೂಲುಗಳು ನಮ್ಮ ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿರುವುದರಿಂದ, ಇಷ್ಟು ಎಚ್ಚರಿಕೆಯನ್ನಾದರೂ ಮುಂದಿನ ಭಾನುವಾರದ ಪುರವಣಿಯಲ್ಲಿ, ಲೇಖನ ಬಂದ ಪುಟದಲ್ಲೇ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓದುಗ, ಮೈಸೂರು