ಭಾನುವಾರದ ಮಾತುಕತೆ: ಟಾಮ್ ಬ್ಯೂಕ್ಯಾನನ್

ಎಲ್ಲರಿಗೂ ನಮಸ್ಕಾರ. ಈ ಸಲ ಫಿಟ್ಜೆರಾಲ್ಡ್ ಬರೆದ 1925ರ ಕಾದಂಬರಿ 'ದಿ ಗ್ರೇಟ್ ಗ್ಯಾಟ್ಸ್‌ಬಿ'ಯ ಟಾಮ್ ಬಗ್ಗೆ ಮಾತು. ಸುಮ್ನೆ 'ಕೆಟ್ಟವನು' ಅಂತ ಮುಗಿಸಬೇಡಿ, ಅದು ಗೊತ್ತಿರುವುದೇ ಅಲ್ವಾ?

ಎರಡನೇ ಅಧ್ಯಾಯ ಮತ್ತೆ ಓದಿ. ಹೆಂಡತಿ ಡೇಸಿಯ ಹೆಸರೆತ್ತಿದಳು ಅಂತ, ತಾನಿಟ್ಟುಕೊಂಡ ಮರ್ಟಲ್‌ಳ ಮೂಗು ಮುರಿಯುತ್ತಾನೆ. ಅಂಗೈಯಲ್ಲಿ ಒಂದೇ ಏಟು. ಫಿಟ್ಜೆರಾಲ್ಡ್ ಅದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡುತ್ತಾರೆ.

ಆಮೇಲೆ ಕೊನೆಯ ಅಧ್ಯಾಯ. ಮರ್ಟಲ್ ಸತ್ತ ಮೇಲೆ, ಅವಳಿಗಾಗಿ ಇಟ್ಟಿದ್ದ ಫ್ಲ್ಯಾಟ್ ಬಿಡಲು ಹೋದವನು, ಅಲ್ಲಿದ್ದ ನಾಯಿ ಬಿಸ್ಕತ್ತಿನ ಡಬ್ಬಿ ನೋಡಿ ಮಗುವಿನ ಹಾಗೆ ಅತ್ತೆ ಅನ್ನುತ್ತಾನೆ. ಆ ಅಳು ನಿಜವೇ? ನನಗಂತೂ ನಿಜ ಅನಿಸಿತು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಯಿತು! ಗ್ಯಾಟ್ಸ್‌ಬಿಯನ್ನು ಕೊಂದ ವಿಲ್ಸನ್‌ಗೆ, ಅಂದರೆ ಮರ್ಟಲ್‌ಳ ಗಂಡನಿಗೆ, ಗ್ಯಾಟ್ಸ್‌ಬಿಯ ಹೆಸರು ಹೇಳಿದವನೂ ಇವನೇ.

ಸಿನಿಮಾ ಮಾತ್ರ ನೋಡಿದವರು ಈ ಎರಡು ಅಧ್ಯಾಯವಾದರೂ ಓದಿಕೊಂಡು ಬನ್ನಿ. ಸಂಜೆ 5ಕ್ಕೆ ಸಿಗೋಣ, ಲಿಂಕ್ ಶನಿವಾರ ಹಾಕುತ್ತೇನೆ.