ಮೂರು ಗಂಟೆಗೇ ಕತ್ತಲಾಗುವ ಊರಿನಿಂದ

ಪ್ರೀತಿಯ ಪುಟ್ಟಿ,

ಟಿಕೆಟ್ ಆಯಿತು, ವೀಸಾ ಬಂತು, ಇನ್ನು ನಿನ್ನ ಪ್ರಶ್ನೆಗಳ ಸರದಿ. ಚಳಿಗೆ ಏನು ತರಬೇಕು, ಹಿಮ ಬೀಳುತ್ತದೆಯೇ ಎಂದೆಲ್ಲ ಕೇಳಿ, ಕೊನೆಗೆ ಮೆಲ್ಲಗೆ ‘ಸ್ಟಾಕ್‌ಹೋಮಿನ ನೈಟ್‌ಲೈಫ್ ಹೇಗಿದೆ ಅಮ್ಮ?’ ಎಂದೆಯಲ್ಲ, ಮೊದಲಿನದೆಲ್ಲ ಇದಕ್ಕೆ ಪೀಠಿಕೆ ಎಂದು ಆಗಲೇ ಗೊತ್ತಾಯಿತು. ಫೋನಿನಲ್ಲಿ ಹೇಳಿದರೆ ಹೂಂ ಹೂಂ ಎನ್ನುತ್ತಾ ಇನ್ನೇನನ್ನೋ ನೋಡುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಲು ಕೊಡು. ಅವರಿಂದ ಬಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ, ಎರಡು ಕಡೆ ಹುಬ್ಬು ಗಂಟಿಕ್ಕುತ್ತಾರೆ, ಅಷ್ಟೆ.

ರಾತ್ರಿ ಯಾವಾಗ ಶುರುವಾಗುತ್ತದೆ ಎನ್ನುವುದನ್ನು ಮೊದಲು ತಿಳಿದುಕೊ. ಡಿಸೆಂಬರ್ ಮೂರನೇ ವಾರದಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 8.45ರ ಸುಮಾರಿಗೆ, ಮಧ್ಯಾಹ್ನ ಮೂರು ಹೊಡೆಯುವ ಮುಂಚೆಯೇ ಮುಳುಗಿರುತ್ತಾನೆ. ನಡುವಿನ ಆರು ಗಂಟೆಯಲ್ಲೂ ನೆತ್ತಿಗೆ ಬರುವ ಮಾತಿಲ್ಲ. ನಡು ಮಧ್ಯಾಹ್ನದಲ್ಲಿ ದಿಗಂತದಿಂದ ಬರೀ ಏಳು ಡಿಗ್ರಿ ಎತ್ತರಕ್ಕೆ ಏರಿ, ಎದುರಿನ ಕಟ್ಟಡದ ಚಾವಣಿಯ ಅಂಚಿನಲ್ಲೇ ಸುತ್ತಿ ಇಳಿದುಬಿಡುತ್ತಾನೆ. ಮೋಡ ಕವಿದರೆ ಅದೂ ಇಲ್ಲ.

ನಾನು ಸಾಗರದಲ್ಲಿ ಬೆಳೆದದ್ದು ನಿನ್ನ ಅಜ್ಜಿಯ ಒಂದೇ ಕಾನೂನಿನ ಕೆಳಗೆ: ದೀಪ ಹಚ್ಚುವ ಹೊತ್ತಿಗೆ ಹೆಣ್ಣುಮಕ್ಕಳು ಮನೆಯೊಳಗಿರಬೇಕು. ಓದು, ಕೆಲಸ, ಮದುವೆ ಎಲ್ಲ ಆದ ಮೇಲೂ ಆ ಕಾನೂನು ನನ್ನ ಮೈಯೊಳಗೇ ಇತ್ತು. ಮೈಸೂರಿನಲ್ಲಿ ಎಂಟು ಗಂಟೆಗೆ ಒಬ್ಬಳೇ ಆಟೋ ಹತ್ತಿದರೂ ಅಪ್ಪನಿಗೆ ಫೋನು ಮಾಡುತ್ತಿದ್ದೆ. ಇಲ್ಲಿ ಅದನ್ನು ಪಾಲಿಸಬೇಕೆಂದರೆ ಮಧ್ಯಾಹ್ನದ ಊಟದ ಡಬ್ಬಿ ತೊಳೆದವಳೇ ಕಚೇರಿಯಿಂದ ಓಡಬೇಕು. ನನ್ನ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಇದ್ದಾರೆ. ಸಂಜೆ ಏಳಕ್ಕೆ, ಹೊರಗೆ ಕಡುಗತ್ತಲೆ ಇರುವಾಗ, ಮೆಟ್ಟಿಲ ಮೇಲೆ ಕುಳಿತು ಬೂಟಿನ ತಳಕ್ಕೆ ಮೊಳೆಗಳಿರುವ ರಬ್ಬರ್ ಪಟ್ಟಿ ಎಳೆದು ಸಿಕ್ಕಿಸಿಕೊಳ್ಳುತ್ತಾರೆ. ಮಂಜುಗಡ್ಡೆಯ ಮೇಲೆ ಜಾರದಿರಲು. ಕೋಟಿನ ಜೇಬಿನಿಂದ ದಾರದಲ್ಲಿ ಕಟ್ಟಿದ ಒಂದು ಬಿಲ್ಲೆ ತೂಗಾಡುತ್ತದೆ. ಕಾರಿನ ಬೆಳಕು ಬಿದ್ದರೆ ಫಳ್ಳನೆ ಹೊಳೆಯುವ ಆ ಬಿಲ್ಲೆ ಇಲ್ಲಿ ಮಗುವಿನಿಂದ ಮುದುಕರವರೆಗೆ ಎಲ್ಲರ ಮೈಮೇಲೂ ಇರುತ್ತದೆ. ಎರಡು ಕೋಲು ಊರುತ್ತಾ ಒಂದು ಗಂಟೆ ನಡೆದು ಬರುತ್ತಾರೆ. ಅವರನ್ನು ನೋಡಿದ ಮೇಲೆ ನಾನೂ ಒಂದು ಬಿಲ್ಲೆ ಕೊಂಡೆ. ನಿನಗೂ ತೆಗೆದಿಟ್ಟಿದ್ದೇನೆ.

ಕತ್ತಲೆಯ ಬಗ್ಗೆ ಇವರು ದೂರುತ್ತಾರೆ, ಆದರೆ ಬಾಗಿಲು ಹಾಕಿ ಕೂರುವುದಿಲ್ಲ. ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮುಂಚೆ, ಅಡ್ವೆಂಟ್ ಶುರುವಾದ ದಿನ, ಮನೆ ಮನೆಯ ಕಿಟಕಿಯಲ್ಲೂ ಕಾಗದದ ನಕ್ಷತ್ರದೊಳಗೊಂದು ಬಲ್ಬು, ಅದರ ಕೆಳಗೆ ತ್ರಿಕೋನವಾಗಿ ನಿಂತ ಏಳು ವಿದ್ಯುತ್ ಮೊಂಬತ್ತಿಗಳು. ಕಚೇರಿ, ಆಸ್ಪತ್ರೆ, ಬ್ಯಾಂಕು ಯಾವುದನ್ನೂ ಬಿಟ್ಟಿಲ್ಲ. ದೇವರಲ್ಲಿ ಅಷ್ಟೇನೂ ನಂಬಿಕೆಯಿಲ್ಲದ ಜನ ಈ ದೀಪದ ವಿಷಯದಲ್ಲಿ ಮಾತ್ರ ಮಡಿವಂತರು.

ನೀನು 11ಕ್ಕೆ ಇಳಿಯುತ್ತೀಯ. ಮುನ್ನಾದಿನವೇ ನೊಬೆಲ್ ಸಮಾರಂಭ ಮುಗಿದಿರುತ್ತದೆ, ಆದರೆ ಬೇಸರ ಬೇಡ, ನಮ್ಮನ್ನೇನೂ ಕರೆದಿರಲಿಲ್ಲ. 13ರ ಬೆಳಗ್ಗೆ ಮಾತ್ರ ಬೇಗ ಏಳಬೇಕು. ಅಂದು ಲೂಸಿಯಾ ಎಂಬ ದೀಪದ ಹಬ್ಬ. ಬಿಳಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ತಲೆಯ ಮೇಲೆ ಉರಿಯುವ ಮೊಂಬತ್ತಿಗಳ ಕಿರೀಟ ತೊಟ್ಟ ಹುಡುಗಿ ಮುಂದೆ, ಹಾಡುವ ಮಕ್ಕಳ ಸಾಲು ಹಿಂದೆ. ನಮ್ಮ ಕಚೇರಿಯಲ್ಲೂ ದೀಪ ಆರಿಸಿ ಎಲ್ಲರೂ ಕಾಯುತ್ತಾರೆ. ಹಾಡು ಹತ್ತಿರ ಬರುತ್ತಿದ್ದಂತೆ, ಬೆಳಗ್ಗೆಯಿಂದ ಸ್ಪ್ರೆಡ್‌ಶೀಟಿನ ಮೇಲೆ ಜಗಳವಾಡಿದವರೂ ಸುಮ್ಮನಾಗುತ್ತಾರೆ. ಆಮೇಲೆ ಕೇಸರಿ ಹಾಕಿದ, ಸುರುಳಿ ಸುತ್ತಿ ಒಣದ್ರಾಕ್ಷಿ ಒತ್ತಿದ ಬನ್ನು, ಕಾಫಿ. ಬನ್ನು ಸ್ವಲ್ಪ ಒಣಕಲು. ಕಾಫಿಯಲ್ಲಿ ಅದ್ದಿ ತಿನ್ನು, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಗಾಮ್ಲಾ ಸ್ತಾನ್ ಎಂಬ ಹಳೆಯ ಊರಿನ ಚೌಕದಲ್ಲಿ ಕ್ರಿಸ್‌ಮಸ್ ಸಂತೆ ಇರುತ್ತದೆ, ಚಿತ್ರ ತೆಗೆಯಲು ಚೆನ್ನ, ಕೊಳ್ಳಲು ದುಬಾರಿ. ಅಲ್ಲೇ ಗ್ಲೊಗ್ ಸಿಗುತ್ತದೆ: ಏಲಕ್ಕಿ, ಲವಂಗ, ದಾಲ್ಚಿನ್ನಿ ಹಾಕಿ ಬಿಸಿ ಮಾಡಿದ ದ್ರಾಕ್ಷಾರಸ, ಪುಟ್ಟ ಲೋಟದ ತಳದಲ್ಲಿ ಬಾದಾಮಿ, ಒಣದ್ರಾಕ್ಷಿ. ಮದ್ಯವಿಲ್ಲದ್ದೂ ಉಂಟು, ಇರುವುದೂ ಉಂಟು. ನಾನು ಎರಡನ್ನೂ ಕುಡಿದಿದ್ದೇನೆ. ಅಪ್ಪನ ಹುಬ್ಬು ಗಂಟಿಕ್ಕುವ ಮೊದಲ ಜಾಗ ಇದು. ಅವರಿಗೆ ಸಮಾಧಾನವಾಗಲೆಂದು ಒಂದು ಕಥೆ: 1930ರಲ್ಲಿ ನೊಬೆಲ್ ಪಡೆದ ನಮ್ಮ ಸಿ. ವಿ. ರಾಮನ್ ಅವರು ಪಾನಕೂಟದಲ್ಲಿ ಗ್ಲಾಸು ನೀಡಿದವರಿಗೆ, ‘ಮದ್ಯದ ಮೇಲೆ ರಾಮನ್ ಪರಿಣಾಮ ನೋಡಿದ್ದೀರಿ, ರಾಮನ್ ಮೇಲೆ ಮದ್ಯದ ಪರಿಣಾಮ ನೋಡುವ ಆಸೆ ಬೇಡ’ ಎಂದರಂತೆ.

ಕಚೇರಿಯ ಕ್ರಿಸ್‌ಮಸ್ ಊಟಕ್ಕೆ ನಿನ್ನನ್ನೂ ಕರೆದಿದ್ದಾರೆ. ಅಲ್ಲಿ ‘ಯಾನ್ಸನ್’ ಎಂಬ ಹೆಸರಿನ ಆಲೂಗಡ್ಡೆಯ ಖಾದ್ಯ ಇರುತ್ತದೆ. ಕೆನೆ, ಈರುಳ್ಳಿ, ಮೇಲೆ ಹೊಂಬಣ್ಣ; ನಮ್ಮಂಥವರಿಗೇ ಮಾಡಿದ್ದಾರೆ ಎನಿಸುತ್ತದೆ. ಒಳಗೆ ಉಪ್ಪಿನಲ್ಲಿ ಹಾಕಿದ ಸಣ್ಣ ಮೀನು ಇದೆ. ಕೇಳದೆ ಬಡಿಸಿಕೊಳ್ಳಬೇಡ.

24ರಂದು ಊರಿಗೆ ಊರೇ ಮಾಯ. ಇವರ ಹಬ್ಬ ಅಂದೇ, 25ಕ್ಕಲ್ಲ. ಮೂರು ಗಂಟೆಗೆ ಎಲ್ಲರೂ ಟಿವಿ ಮುಂದೆ ಕುಳಿತು ಡೊನಾಲ್ಡ್ ಡಕ್ ನೋಡುತ್ತಾರೆ. 1960ರಿಂದ ನಡೆದು ಬಂದ ಪದ್ಧತಿ, ಅಜ್ಜಂದಿರಿಗೂ ಸಂಭಾಷಣೆ ಬಾಯಿಪಾಠ. ಹೊರನಾಡಿನಿಂದ ಬಂದವರಿಗೆ ವರ್ಷದಲ್ಲೇ ಕಷ್ಟದ ಸಂಜೆ ಅದು. ಅಂಗಡಿ ಮುಚ್ಚಿರುತ್ತದೆ, ಹೋಟೆಲು ಮುಚ್ಚಿರುತ್ತದೆ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಸಹೋದ್ಯೋಗಿಗಳು ಒಳ್ಳೆಯವರೇ, ಆದರೆ ಅಂದಿನ ಬಾಗಿಲು ಮನೆಯವರಿಗೆ ಮಾತ್ರ ತೆರೆಯುತ್ತದೆ. ಹಾಗಾಗಿ ಇಲ್ಲಿನ ನಾವು ಕೆಲವು ಕನ್ನಡದ ಮನೆಗಳವರು ಸುಂಡ್‌ಬಿಬೆರಿಯಲ್ಲಿ ಒಬ್ಬರ ಮನೆಯಲ್ಲಿ ಸೇರಿ ಬಿಸಿಬೇಳೆ ಬಾತ್ ಮಾಡುತ್ತೇವೆ. ಈ ಸಲ ಸರದಿ ನಮ್ಮದು. ಹಪ್ಪಳ ಕರಿಯುವುದು ನಿನ್ನ ಪಾಲು. ಮೊದಲು ಅಡುಗೆಮನೆಯ ಕಿಟಕಿ ತೆರೆ, ಹೊಗೆಯ ಗಂಟೆ ಹೊಡೆದುಕೊಂಡರೆ ಹಬ್ಬದ ದಿನ ಕಟ್ಟಡದವರೆಲ್ಲ ಮೆಟ್ಟಿಲಿಗೆ ಬರುತ್ತಾರೆ.

ಈಗ ನಿನ್ನ ಪ್ರಶ್ನೆಗೆ ಬರೋಣ.

ಮದ್ಯವನ್ನು ಇಲ್ಲಿ ಸರ್ಕಾರವೇ ಮಾರುತ್ತದೆ, ಸಿಸ್ಟೆಮ್‌ಬೊಲಾಗೆಟ್ ಎಂಬ ಅಂಗಡಿಗಳಲ್ಲಿ. ಕಿರಾಣಿ ಅಂಗಡಿಯಲ್ಲಿ ಸಿಗುವುದು ಶೇಕಡ 3.5ರವರೆಗಿನ ಬಿಯರ್ ಮಾತ್ರ. ಸರ್ಕಾರಿ ಅಂಗಡಿ ಶನಿವಾರ ಮಧ್ಯಾಹ್ನ ಮೂರಕ್ಕೆ ಮುಚ್ಚಿದರೆ ಸೋಮವಾರವೇ ತೆರೆಯುವುದು. ಅಲ್ಲಿ ಕೊಳ್ಳಲು 20 ತುಂಬಿರಬೇಕು. ಬಾರಿನಲ್ಲಿ ಕುಳಿತು ಕುಡಿಯಲು 18 ಸಾಕು. ನಿನಗೀಗ 19. ಅಂದರೆ ಬಾರಿನಲ್ಲಿ ನೀನು ದೊಡ್ಡವಳು, ಅಂಗಡಿಯಲ್ಲಿ ಮಗು. ಈ ತರ್ಕ ನನಗೆ ಇನ್ನೂ ಹಿಡಿಸಿಲ್ಲ, ಆದರೆ ಎಲ್ಲರೂ ಸರತಿಯಲ್ಲಿ ನಿಂತು ಪಾಲಿಸುತ್ತಾರೆ. ಕ್ಲಬ್ಬುಗಳು ತಮ್ಮದೇ ವಯಸ್ಸಿನ ಮಿತಿ ಇಟ್ಟುಕೊಳ್ಳಬಹುದು, ಹಲವು ಕಡೆ ಅದು 20ಕ್ಕಿಂತ ಹೆಚ್ಚು. ಬಾಗಿಲಲ್ಲಿ ವಾದ ಮಾಡಬೇಡ, ಪಾಸ್‌ಪೋರ್ಟ್ ತೋರಿಸು, ಬೇಡವೆಂದರೆ ಹೊರಡು.

ನಿನಗೆ ನಗು ಬರುವ ವಿಷಯ ಇನ್ನೊಂದಿದೆ. 2023ರ ಜುಲೈ 1ರವರೆಗೆ ಸ್ವೀಡನ್ನಿನ ಬಾರಿನಲ್ಲಿ ಗಿರಾಕಿಗಳು ಕುಣಿಯಬೇಕೆಂದರೆ ಮಾಲೀಕನ ಬಳಿ ಪೊಲೀಸರ ಪರವಾನಗಿ ಇರಬೇಕಿತ್ತು. ಯಾರೋ ಖುಷಿಗೆ ಎದ್ದು ಕಾಲು ಹಾಕಿದರೂ ತೊಂದರೆ ಮಾಲೀಕನಿಗೆ. ಈಗ ಪರವಾನಗಿ ಬೇಕಿಲ್ಲ, ಪೊಲೀಸರಿಗೆ ತಿಳಿಸಿದರೆ ಸಾಕು.

ಶ್ರೀಮಂತರ ಮಕ್ಕಳು ಸೇರುವುದು ಸ್ಟುರೆಪ್ಲಾನ್ ಎಂಬ ಚೌಕದ ಸುತ್ತ. ಅಲ್ಲಿ 1937ರಲ್ಲಿ ಮೊದಲು ಕಟ್ಟಿ, ಆಮೇಲೆ ಕೆಡವಿ ಮತ್ತೆ ಕಟ್ಟಿದ, ಅಣಬೆಯ ಆಕಾರದ ಕಾಂಕ್ರೀಟಿನ ಆಸರೆಯೊಂದಿದೆ. ಗೆಳೆಯರು ಒಬ್ಬರಿಗೊಬ್ಬರು ಕಾಯುವುದು ಅದರ ಕೆಳಗೆ. ಕ್ಲಬ್ಬಿನ ಮುಂದೆ ತೆಳ್ಳಗಿನ ಉಡುಪಿನಲ್ಲಿ ಮೈನಸ್ ಎಂಟರಲ್ಲಿ ಸರತಿ ನಿಂತ ಹುಡುಗಿಯರನ್ನು ನೋಡಿದರೆ ನನಗೆ ಶಾಲು ಹೊದಿಸಬೇಕು ಎನಿಸುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಕೋಟು ಕಳಚಿ ದುಡ್ಡು ಕೊಟ್ಟು ಚೀಟಿ ಪಡೆಯಬೇಕು. ಚೀಟಿ ಕಳೆದರೆ ಊರಿಗೆಲ್ಲ ಕಪ್ಪು ಕೋಟೇ ಇರುವಾಗ ನಿನ್ನದು ಯಾವುದೆಂದು ಹೇಗೆ ಹೇಳುತ್ತೀಯ?

ನನ್ನ ರುಚಿ ಬೇರೆ. ಗಾಮ್ಲಾ ಸ್ತಾನಿನಲ್ಲಿ ಸ್ತಾಂಪೆನ್ ಎಂಬ ಜಾಝ್ ತಾಣವಿದೆ, 1968ರಿಂದ. ಮುಂಚೆ ಅದು ಒತ್ತೆ ಅಂಗಡಿಯಾಗಿತ್ತು. ಚಾವಣಿಯಿಂದ ಈಗಲೂ ಹಳೆಯ ವಾದ್ಯ, ಚಿತ್ರವಿಚಿತ್ರ ಸಾಮಾನು ನೇತಾಡುತ್ತವೆ. ಕುಂಗ್ಸ್‌ಗಾತಾನ್ ಬೀದಿಯ ಫಾಶಿಂಗ್ 1977ರದು, ಸಂಗೀತ ಇನ್ನೂ ಗಂಭೀರ. ಅಲ್ಲಿ ನಿಂಬೆರಸದ ಸೋಡಾ ಹಿಡಿದು ಒಬ್ಬಳೇ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ಒಬ್ಬಳೇ ಯಾಕೆ ಬಂದಿದ್ದೀಯ ಎಂದು ಕೇಳುವವರಿಲ್ಲದ ಜಾಗ ನನಗೆ ಸಿಕ್ಕಿದ್ದು ಈ ವಯಸ್ಸಿನಲ್ಲಿ. ಶುಕ್ರವಾರ, ಶನಿವಾರ ಮೆಟ್ರೋ ರಾತ್ರಿಯಿಡೀ ಓಡುತ್ತದೆ. ಒಂದೂವರೆಗೆ ನೀಲಿ ಮಾರ್ಗದ ಆಳದ ನಿಲ್ದಾಣಕ್ಕೆ ಇಳಿದು, ಬಿಳಿ ಬಂಡೆಯ ಮೇಲೆ ಬರೆದ ನೀಲಿ ಬಳ್ಳಿಗಳ ಕೆಳಗೆ ರೈಲಿಗೆ ಕಾದು, ಮನೆವರೆಗೆ ನಡೆದು ಬರುತ್ತೇನೆ. ಇದು ಅಪ್ಪನ ಹುಬ್ಬಿಗೆ ಎರಡನೇ ಜಾಗ.

ಸ್ವೀಡಿಷರ ನಿಜವಾದ ರಾತ್ರಿ ಮಾತ್ರ ಕ್ಲಬ್ಬಿನಲ್ಲಿಲ್ಲ, ಹಡಗಿನಲ್ಲಿದೆ. ಸಂಜೆ ಸ್ಟಾಕ್‌ಹೋಮಿನಿಂದ ಹೊರಡುವ, ಹತ್ತು ಅಂತಸ್ತಿನ ಹಡಗುಗಳು ಫಿನ್‌ಲೆಂಡಿಗೆ ಹೋಗಿಬರುತ್ತವೆ. ಹೋಗುವವರಲ್ಲಿ ಎಷ್ಟೋ ಜನರಿಗೆ ಫಿನ್‌ಲೆಂಡಿನಲ್ಲಿ ಕೆಲಸವೇ ಇಲ್ಲ. ನಮ್ಮೂರ ಜಾತ್ರೆಯನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗಿರುತ್ತದೆ: ಒಂದು ಕಡೆ ಬಿಂಗೊ, ಒಂದು ಕಡೆ ಕರೋಕೆ, ಮಕ್ಕಳ ಓಟ, ನಡುವೆ ವಾದ್ಯಗೋಷ್ಠಿ. ಅರವತ್ತು ದಾಟಿದ ಗಂಡಹೆಂಡಿರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಕೈ ಕೈ ಹಿಡಿದು ಕುಣಿಯುವುದನ್ನು ನೀನು ನೋಡಬೇಕು. ಬಸ್ಸಿನಲ್ಲಿ ಪಕ್ಕದ ಸೀಟಿನವರ ಮುಖ ನೋಡದ ಜನ ಇವರೇನಾ ಎನಿಸುತ್ತದೆ. ನಡುರಾತ್ರಿ ಹಡಗು ಓಲಂಡ್ ದ್ವೀಪಕ್ಕೆ ತಾಗಿ, ಸ್ವಲ್ಪ ಹೊತ್ತು ನಿಂತು, ಮುಂದೆ ಹೋಗುತ್ತದೆ. ಇಳಿಯುವವರು ಹತ್ತುವವರು ಬೆರಳೆಣಿಕೆ. ಮತ್ತೆ ಯಾಕೆ ನಿಲ್ಲುತ್ತದೆ ಅಂದರೆ, ಐರೋಪ್ಯ ಒಕ್ಕೂಟದ ದೇಶಗಳ ನಡುವೆ ಸುಂಕವಿಲ್ಲದ ಮಾರಾಟ 1999ರಲ್ಲಿ ನಿಂತುಹೋಯಿತು. ಓಲಂಡ್ ಮಾತ್ರ ಒಕ್ಕೂಟದ ತೆರಿಗೆ ವ್ಯವಸ್ಥೆಯ ಹೊರಗಿದೆ. ಅಲ್ಲಿಗೆ ತಾಗಿ ಹೋದ ಹಡಗಿನಲ್ಲಿ ಅಗ್ಗದ ಬಾಟಲಿ ಮಾರಬಹುದು. ಒಂದು ತೆರಿಗೆಯ ಸಂದಿನಿಂದ ಇಷ್ಟು ದೊಡ್ಡ ಜಾತ್ರೆ ನಡೆಯುತ್ತಿದೆ. ಜನವರಿ ಮೊದಲ ವಾರಕ್ಕೆ ನಮ್ಮಿಬ್ಬರಿಗೂ ಕ್ಯಾಬಿನ್ ಕಾದಿರಿಸಿದ್ದೇನೆ. ಬೆಳಕಾದ ಮೇಲೆ ಡೆಕ್ಕಿಗೆ ಹೋಗೋಣ, ಸಾವಿರಾರು ದ್ವೀಪಗಳ ನಡುವೆ ಹಡಗು ಹಾದುಹೋಗುತ್ತದೆ. ಚಳಿ ಜೋರಿದ್ದರೆ ತೆಳು ಮಂಜುಗಡ್ಡೆ ಕೆಳಗೆ ಕರಕರ ಮುರಿಯುವುದು ಕೇಳುತ್ತದೆ.

ಹೊಸ ವರ್ಷದ ರಾತ್ರಿ ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದಲ್ಲಿ ಹೆಸರಾಂತ ನಟರೊಬ್ಬರು ಇಂಗ್ಲಿಷ್ ಕವಿ ಟೆನಿಸನ್ನನ ಕವಿತೆಯ ಸ್ವೀಡಿಷ್ ಅನುವಾದ ಓದುತ್ತಾರೆ, 1890ರ ದಶಕದಲ್ಲಿ ಶುರುವಾದದ್ದು. ಅದನ್ನು ಮನೆಯಲ್ಲೇ ಟಿವಿಯಲ್ಲಿ ನೋಡಬಹುದು. ನಿನಗೆ ನಿನ್ನ ವಯಸ್ಸಿನವರ ಜೊತೆ ಸೋಡರ್‌ಮಾಲ್ಮ್ ಎಂಬ ಬಡಾವಣೆಯ ಕಡೆ ಹೋಗುವ ಮನಸ್ಸಿದ್ದರೆ ಹೋಗು. ನನ್ನ ಸಹೋದ್ಯೋಗಿಯ ಮಗಳು ಕರೆದೊಯ್ಯಲು ಒಪ್ಪಿದ್ದಾಳೆ.

ಎಷ್ಟು ಗಂಟೆಗೆ ಮನೆಗೆ ಬರಬೇಕು ಎಂದು ನಾನು ಹೇಳುವುದಿಲ್ಲ. ಗಡಿಯಾರದ ಕಾನೂನು ಈ ಊರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಬದಲಿಗೆ ಇಷ್ಟು ಕೇಳುತ್ತೇನೆ: ಫೋನಿನ ಚಾರ್ಜು ಚಳಿಗೆ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊ. ನಿನ್ನ ಲೋಟ ನಿನ್ನ ಕೈಯಲ್ಲೇ ಇರಲಿ. ಜೊತೆಗೆ ಹೋದವಳ ಜೊತೆಗೇ ವಾಪಸು ಬಾ. ಕುಡಿದು ಹಿಮದಲ್ಲಿ ಕುಳಿತವರು ಅಲ್ಲೇ ನಿದ್ದೆ ಹೋಗುತ್ತಾರೆ, ಅದು ಪ್ರಾಣಕ್ಕೆ ಕುತ್ತು. ಅಂಥವರನ್ನು ಕಂಡರೆ ದಾಟಿ ಹೋಗದೆ 112ಕ್ಕೆ ಕರೆ ಮಾಡು. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ, ಅಪ್ಪ ಓದುತ್ತಿದ್ದರೂ ಸರಿ. ಮನಸ್ಸಿನಿಂದ ಒಪ್ಪದವರ ಜೊತೆ ಸಂಗ ಮಾಡಿದರೆ ಅದು ಅತ್ಯಾಚಾರ ಎನ್ನುವ ಕಾನೂನು ಇಲ್ಲಿ 2018ರ ಜುಲೈ 1ರಿಂದ ಇದೆ. ಹೊಡೆದರೋ ಬೆದರಿಸಿದರೋ ಎಂದು ಸಾಬೀತು ಮಾಡಬೇಕಿಲ್ಲ. ಕಾನೂನು ಇದೆ ಎಂದ ಮಾತ್ರಕ್ಕೆ ಕೇಡಿಗರು ಇಲ್ಲವೆಂದಲ್ಲ. ಆದರೆ ಏನೇ ಆದರೂ, ಎಷ್ಟು ಹೊತ್ತಿಗಾದರೂ, ಮೊದಲು ನನಗೆ ಫೋನು ಮಾಡು. ‘ಅಲ್ಲಿಗೆ ಯಾಕೆ ಹೋಗಿದ್ದೆ’ ಎಂದು ನಾನು ಕೇಳುವುದಿಲ್ಲ. ನನ್ನನ್ನು ಕೇಳುತ್ತಿದ್ದರು.

ಥರ್ಮಲ್ ಉಡುಪು ಅಲ್ಲಿ ಕೊಳ್ಳಬೇಡ, ಉಣ್ಣೆಯದು ಇಲ್ಲಿ ತೆಗೆದಿಟ್ಟಿದ್ದೇನೆ. ತುಪ್ಪ, ಪೇಡ, ಹಾಲಿನ ಸಿಹಿ ಏನನ್ನೂ ತರಬೇಡ. ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಮೈಸೂರು ಪಾಕಿನಲ್ಲಿರುವುದು ತುಪ್ಪ ಅಲ್ಲ ಎಂದು ವಿಮಾನ ನಿಲ್ದಾಣದಲ್ಲಿ ಸಾಧಿಸಲು ಹೋಗಬೇಡ. ಜನವರಿ 13ಕ್ಕೆ ಇವರು ಕ್ರಿಸ್‌ಮಸ್ ಮರ ಹೊರಹಾಕುತ್ತಾರೆ, ಮರುದಿನವೇ ನಮ್ಮ ಸಂಕ್ರಾಂತಿ. ಎಳ್ಳು, ಬೆಲ್ಲ, ಕಡಲೆಬೀಜ ಇಲ್ಲೇ ಸಿಗುತ್ತದೆ. ಕಬ್ಬಿನ ಆಸೆ ಬಿಡು. ಸಕ್ಕರೆ ಅಚ್ಚು ಅಲ್ಲಿಂದ ತಂದರೆ ದಾರಿಯಲ್ಲೇ ಪುಡಿಯಾಗುತ್ತದೆ. ಎರೆಯುವ ಮರದ ಅಚ್ಚುಗಳನ್ನು ಅಜ್ಜಿಯ ಹತ್ತಿರ ಕೇಳಿ ತಾ. ಗಿಣಿ ಇರುವ ಅಚ್ಚನ್ನು ಕೊಡಲು ಹಿಂದೆಮುಂದೆ ನೋಡುತ್ತಾರೆ, ಅದನ್ನೇ ಕೇಳು.

ಇಂತಿ ನಿನ್ನ
ಅಮ್ಮ