ನಮ್ಮ ಗೇಟಿಗೆ ಬಾವುಟ ಕಟ್ಟುವ ಮುಂಚೆ ಬೆಲ್ ಮಾಡಿ

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಗೆ ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್ 26ರಂದು ಮತದಾನ ನಡೆಯಿತು. ಅದಕ್ಕೆ ಹತ್ತು ದಿನ ಮುಂಚೆ, ಒಂದು ಬೆಳಿಗ್ಗೆ ಹಾಲು ತಗೊಳ್ಳಲು ಗೇಟಿನ ಹತ್ತಿರ ಹೋದೆ. ಗೇಟಿನ ಎರಡೂ ಕಡೆ ಒಂದು ಪಕ್ಷದ ಬಾವುಟ ಕಟ್ಟಿದ್ದರು. ಲೆಟರ್ ಬಾಕ್ಸಿನ ಮೇಲೆ ಅಭ್ಯರ್ಥಿಯ ಮುಖದ ಸ್ಟಿಕ್ಕರ್. ರಾತ್ರಿ ಯಾವಾಗಲೋ ಬಂದು ಮಾಡಿದ್ದಾರೆ. ಬೆಲ್ ಮಾಡಿ ಕೇಳುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ.

ಬಾವುಟವನ್ನು ಕತ್ತರಿಯಿಂದ ಬಿಡಿಸಿದೆ. ಸ್ಟಿಕ್ಕರ್ ಮಾತ್ರ ಅರ್ಧ ಬಂತು, ಅರ್ಧ ಉಳಿಯಿತು. ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದರೂ ಅಂಟು ಪೂರ್ತಿ ಹೋಗಲಿಲ್ಲ. ಅದೂ ಹೋಗಲಿ. ಆ ದಿನ ಸಂಜೆ ವಾಕಿಂಗ್‌ನಲ್ಲಿ ಇಪ್ಪತ್ತು ವರ್ಷದಿಂದ ಪರಿಚಯ ಇರುವವರೊಬ್ಬರು, "ಏನ್ರೀ, ನೀವೂ ಅವರ ಕಡೇನಾ?" ಅಂದರು. ಸುಮ್ನೆ ಕೇಳಿದ್ದು ಅಷ್ಟೇ, ಆದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಯಾರಿಗೆ ಓಟು ಹಾಕುತ್ತೇನೆ ಅಂತ ಮನೆಯವರಿಗೂ ಹೇಳಿದವಳಲ್ಲ. ಅಂಥದ್ದರಲ್ಲಿ ಗುರುತೇ ಇಲ್ಲದ ಯಾರೋ ನನ್ನ ಪರವಾಗಿ ಬೀದಿಗೆಲ್ಲ ಉತ್ತರ ಕೊಟ್ಟು ಹೋಗಿದ್ದರು.

ನಾನು ಮನೆ ಮೇಲೆ ಪಕ್ಷದ ಬಾವುಟವೇ ಬೇಡ ಅನ್ನುವವಳಲ್ಲ. ಅದೇ ವಾರ ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗೆ ಇರುವವರ ಮಗ ಮೇಲೆ ಬಂದ. ಅವನಿಗೆ ಅದು ಮೊದಲ ಓಟು. "ಆಂಟಿ, ನಮ್ಮ ಕಿಟಕಿಗೆ ಒಂದು ಬಾವುಟ ಕಟ್ಟಿಕೊಳ್ಳಲಾ?" ಅಂದ. ಅವನು ಕಟ್ಟಬೇಕೆಂದಿದ್ದದ್ದು ನನಗೆ ಹಿಡಿಸದ ಪಕ್ಷದ ಬಾವುಟ. ನಮ್ಮ ಯಜಮಾನರು, "ಮನೆ ನಮ್ಮದು, ನಾಳೆ ಎಲ್ಲರೂ ನಮ್ಮನ್ನೇ ಕೇಳುತ್ತಾರೆ, ಬೇಡ ಅನ್ನು" ಅಂದರು. ಎರಡು ದಿನ ನಾನು ಉತ್ತರ ಕೊಡಲಿಲ್ಲ. ಆಮೇಲೆ ಹೇಳಿದೆ: ನಿಮ್ಮ ಕಿಟಕಿಗೆ ಕಟ್ಟಿಕೋ, ಗೇಟಿಗೆ ಬೇಡ. ಗೇಟು ಎರಡು ಮನೆಗೂ ಸೇರಿದ್ದು. ಕಿಟಕಿ ಅವರದು, ತಿಂಗಳು ತಿಂಗಳು ಬಾಡಿಗೆ ಕೊಟ್ಟು ಬದುಕುತ್ತಿರುವ ಮನೆಯದು. ಕಟ್ಟಿದ ಬಾವುಟವನ್ನು ಮತದಾನದ ಸಂಜೆ ಅವನೇ ಬಿಚ್ಚಿ ಮಡಿಸಿಟ್ಟ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಎಷ್ಟು ಜನ! ಮನೆ ಕೊಡುವಾಗ ನಾವು ಮಾಲೀಕರು ಏನೇನೋ ಕೇಳುತ್ತೇವೆ. ಮಾಂಸ ತಿನ್ನುತ್ತೀರಾ, ನಾಯಿ ಇದೆಯಾ, ನೆಂಟರು ಜಾಸ್ತಿ ಬರುತ್ತಾರಾ. ಇನ್ನು ಯಾವ ಪಕ್ಷ ಅಂತಲೂ ಕೇಳಿ ಮನೆ ಕೊಡುವುದು ಬೇಡ. ಮಾಲೀಕರಿಗೆ ನನ್ನ ಕೈಮುಗಿದ ವಿನಂತಿ ಇದು.

ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿ ಮನೆ ಮುಂದಿನ ಹುಲ್ಲಿನಲ್ಲಿ ಚಿಕ್ಕ ಚಿಕ್ಕ ಬೋರ್ಡ್ ನೆಟ್ಟಿದ್ದನ್ನು ನೋಡಿದೆ. ಅಕ್ಕಪಕ್ಕದ ಎರಡು ಮನೆಯಲ್ಲಿ ಎರಡು ಪಕ್ಷದ ಬೋರ್ಡ್. ಆ ಹಕ್ಕಿಗೂ ಅಲ್ಲಿ ಒಬ್ಬ ಹೆಂಗಸು ಕೋರ್ಟಿಗೆ ಹೋಗಿ ಹೋರಾಡಿದ್ದಾರೆ. ಮಿಸೌರಿ ರಾಜ್ಯದ ಲಾಡೂ ಅನ್ನುವ ಊರಿನ ಮಾರ್ಗರೆಟ್ ಗಿಲಿಯೋ ಕೊಲ್ಲಿ ಯುದ್ಧದ ಸಮಯದಲ್ಲಿ, 1990ರ ಕೊನೆಗೆ, ಮನೆ ಮುಂದೆ ಯುದ್ಧ ಬೇಡ ಎನ್ನುವ ಬೋರ್ಡ್ ಇಟ್ಟರು. ಆಮೇಲೆ ಮಹಡಿಯ ಕಿಟಕಿಗೆ ಶಾಂತಿ ಬೇಕೆಂದು ಬರೆದ ಒಂದು ಹಾಳೆ ಅಂಟಿಸಿದರು. ಊರಿನ ನಿಯಮ ಅದಕ್ಕೂ ಬಿಡಲಿಲ್ಲ. 1994ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಆಕೆಯ ಪರ ತೀರ್ಪು ಕೊಟ್ಟರು. ಆ ಹಾಳೆಯನ್ನು ಅಂಟಿಸಿದ್ದು ಆ ಮನೆಯಲ್ಲಿ ಇದ್ದವರೇ. ನಮ್ಮ ಗೇಟಿನ ಬಾವುಟಕ್ಕೂ ಅದಕ್ಕೂ ಇರುವ ವ್ಯತ್ಯಾಸ ಅದೇ ಅಲ್ವಾ?

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆಯಲ್ಲಿ ಸ್ಪಷ್ಟವಾಗಿದೆ. ಒಬ್ಬರ ಜಾಗ, ಕಟ್ಟಡ, ಕಾಂಪೌಂಡ್ ಗೋಡೆಯ ಮೇಲೆ ಅವರ ಒಪ್ಪಿಗೆ ಇಲ್ಲದೆ ಬಾವುಟ ಕಟ್ಟುವುದು, ಬ್ಯಾನರ್ ಹಾಕುವುದು, ಪೋಸ್ಟರ್ ಅಂಟಿಸುವುದು, ಘೋಷಣೆ ಬರೆಯುವುದು ಯಾವುದಕ್ಕೂ ಪಕ್ಷಗಳು ತಮ್ಮವರನ್ನು ಬಿಡಬಾರದು. ಅಭ್ಯರ್ಥಿಗೆ ಖಾಸಗಿ ಜಾಗ ಬೇಕಾದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ಚುನಾವಣಾಧಿಕಾರಿಗೆ ಕೊಡಬೇಕು. ಪೋಸ್ಟರ್ ಮೇಲೆ ಅಚ್ಚು ಹಾಕಿದವರ, ಹಾಕಿಸಿದವರ ಹೆಸರು, ವಿಳಾಸ ಇರಬೇಕು. ಒಬ್ಬರು ತಾವೇ ಇಷ್ಟಪಟ್ಟು, ಯಾರ ಒತ್ತಡವೂ ಇಲ್ಲದೆ, ಬೇರೆಯವರಿಗೆ ತೊಂದರೆ ಆಗದಂತೆ ಸ್ವಂತ ಮನೆ ಮೇಲೆ ಬಾವುಟ ಹಾಕಿಕೊಂಡರೆ, ಸ್ಥಳೀಯ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಆಯೋಗದ ತಕರಾರು ಇಲ್ಲ.

ಆ ಸ್ಥಳೀಯ ಕಾನೂನಿನ ಹತ್ತಿರ ಬಂದಾಗಲೇ ತಲೆ ಕೆಡುವುದು. ತೆರೆದ ಸ್ಥಳಗಳ ವಿರೂಪ ತಡೆಗೆ ನಮ್ಮ ರಾಜ್ಯದಲ್ಲಿ 1981ರ ಕಾಯ್ದೆ ಇದೆ. ಬೀದಿಯಲ್ಲಿ ಹೋಗುವವರಿಗೆ ಕಾಣುವ ಖಾಸಗಿ ಗೋಡೆಯೂ ಅದರೊಳಗೆ ಬರುತ್ತದೆ. ಪಾಲಿಕೆಯಂಥ ಸ್ಥಳೀಯ ಸಂಸ್ಥೆಯ ಅನುಮತಿ ಇಲ್ಲದೆ ಪ್ರಚಾರದ್ದು ಹಾಕಿದರೆ ಆರು ತಿಂಗಳ ತನಕ ಜೈಲು ಅಥವಾ 1000 ರೂಪಾಯಿ ತನಕ ದಂಡ ಆಗಬಹುದು. ಹಾಗಾದರೆ ಕೆಳಗಿನ ಮನೆಯ ಹುಡುಗನ ಬಾವುಟ ತಪ್ಪೋ ಸರಿಯೋ? ಹೇಳುವವರಿಲ್ಲ. ನಿಯಮ ಓದಿ ಹೆದರುವವರು ಇಂಥ ಹುಡುಗರು. ರಾತ್ರಿ ಅಂಟಿನ ಡಬ್ಬ ಹಿಡಿದು ಬೀದಿ ಬೀದಿ ಸುತ್ತುವವರು ಹೆದರಿದ್ದನ್ನು ನಾನು ನೋಡಿಲ್ಲ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗಟ್ಟಿಯಾಗಿ ಹೇಳಿದ ಮೇಲೆ ನಗರದ ಫ್ಲೆಕ್ಸ್‌ಗಳು ಇಳಿದವು. ಕೆಲವು ಕಾಲ ರಸ್ತೆಗಳು ಎಷ್ಟು ಚೆಂದ ಕಾಣುತ್ತಿದ್ದವು! ಆಮೇಲೆ ಮೆಲ್ಲಗೆ ಮತ್ತೆ ಬಂದವು.

ನನಗೆ ಇನ್ನೂ ಜಾಸ್ತಿ ಸಂಕಟ ಆಗುವುದು ನಮ್ಮ ಬೀದಿಯ ಇಸ್ತ್ರಿ ಗಾಡಿಯವರನ್ನು ನೆನೆದು. ಆ ಚುನಾವಣೆಯಲ್ಲಿ ಅವರ ಗಾಡಿಯ ಮೂರು ಮಗ್ಗುಲಲ್ಲಿ ಮೂರು ಪಕ್ಷದ ಸ್ಟಿಕ್ಕರ್ ಇದ್ದವು. "ಯಾಕೆ ಬಿಟ್ಟಿರಿ?" ಅಂತ ಕೇಳಿದೆ. "ಬೇಡ ಅಂದರೆ ನಾಳೆ ಗಾಡಿ ಎತ್ತಿಸುತ್ತಾರೆ ಅಮ್ಮ, ಯಾರು ಗೆಲ್ಲುತ್ತಾರೋ ಯಾರಿಗೆ ಗೊತ್ತು" ಅಂದರು. ಹೂವಿನವರದು, ಟೀ ಅಂಗಡಿಯವರದು, ಆಟೊದವರದು ಇದೇ ಪಾಡು. ನಾನು ಪೆನ್ಷನ್ ಬರುವವಳು, ಕತ್ತರಿ ತಂದು ಕತ್ತರಿಸಿದೆ. ಅವರು ಹಾಗೆ ಮಾಡುವುದು ಹೇಗೆ?

ನಗರದಲ್ಲಿ ಪಾಲಿಕೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್‌ನ ಅವಧಿ ಮುಗಿಯಿತು. ಈಗ ಆ ಒಂದು ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ. ಪಾಲಿಕೆ ಚುನಾವಣೆಯಲ್ಲಿ ವಾರ್ಡ್ ಚಿಕ್ಕದಾದಷ್ಟೂ ಒತ್ತಡ ಹತ್ತಿರದಿಂದ ಬರುತ್ತದೆ. ಲೋಕಸಭೆಯ ಅಭ್ಯರ್ಥಿಗೆ ನಮ್ಮ ಮನೆ ಗೊತ್ತಿರುವುದಿಲ್ಲ. ಕಾರ್ಪೊರೇಟರ್ ಆಗಲು ನಿಲ್ಲುವವರಿಗೆ ಗೇಟಿನ ಬಣ್ಣವೂ ಗೊತ್ತು.

ಅದಕ್ಕೇ ಎರಡು ಮಾತು ಕೇಳುತ್ತಿದ್ದೇನೆ. ಪಾಲಿಕೆಗಳು ಮನೆ ಮೇಲೆ ಏನು ಹಾಕಿಕೊಳ್ಳಬಹುದು, ಎಷ್ಟು ದೊಡ್ಡದು, ಯಾವಾಗ ತೆಗೆಯಬೇಕು ಅನ್ನುವುದನ್ನು ಒಂದು ಪುಟದಲ್ಲಿ ಸುಲಭ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಮತದಾರರ ಚೀಟಿ ಹಂಚಲು ಮನೆಗೆ ಬರುವವರ ಕೈಯಲ್ಲೇ ಅದನ್ನು ಕಳಿಸಲಿ. ಒಪ್ಪಿಗೆ ಇಲ್ಲದೆ ಯಾರೂ ಅಂಟಿಸುವಂತಿಲ್ಲ, ಬೇಡ ಅನ್ನುವ ಹಕ್ಕು ಬಾಡಿಗೆದಾರರಿಗೂ ಬೀದಿ ವ್ಯಾಪಾರಿಗೂ ಇದೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿರಲಿ. ಇನ್ನೊಂದು ದೂರಿನ ವಿಷಯ. ಲೋಕಸಭೆ, ವಿಧಾನಸಭೆ ಚುನಾವಣೆಗೆ ಆಯೋಗದ ಸಿ-ವಿಜಿಲ್ ಆ್ಯಪ್ ಇದೆ. ಫೋಟೊ ಕಳಿಸಿದರೆ 100 ನಿಮಿಷದೊಳಗೆ ಕ್ರಮ ಆಗಬೇಕು, ಹೆಸರು ಹೇಳದೆಯೂ ದೂರು ಕೊಡಬಹುದು. ಪಾಲಿಕೆ ಚುನಾವಣೆಗೂ ಹೆಸರು ಹೇಳದೆ ದೂರು ಕೊಡುವ ದಾರಿ ಖಂಡಿತ ಬೇಕು. ಇಸ್ತ್ರಿ ಗಾಡಿಯವರು ಹೆಸರು ಹೇಳಿ ದೂರು ಕೊಡುವ ಸ್ಥಿತಿಯಲ್ಲಿ ಇಲ್ಲ.

ನಿವೃತ್ತ ಶಾಲಾ ಶಿಕ್ಷಕಿ,
ಹನುಮಂತನಗರ, ಬೆಂಗಳೂರು